ಬಹುಭಾಷಿಗಳ, ಭಾಷಾವಿಜ್ಞಾನಿಗಳ ಜೀವನಕಥೆಗಳು: ನಿಜಕ್ಕೂ ಓದಬೇಕಾದವು ಯಾವುವು?

ಸಾಗರದ_ಸಹನಾ
ಎಲ್ಲರಿಗೂ ನಮಸ್ಕಾರ. ಪ್ರೌಢಶಾಲೆಯಲ್ಲಿ ಹಿಂದಿ ಪಾಠ ಮಾಡುತ್ತೇನೆ. ಬೇಸಿಗೆ ರಜೆಗೆ ಪುಸ್ತಕ ಹುಡುಕುತ್ತಿದ್ದೇನೆ. ಹಲವು ಭಾಷೆ ಬಲ್ಲವರ, ಭಾಷೆಯ ಅಧ್ಯಯನಕ್ಕೇ ಬದುಕನ್ನು ಕೊಟ್ಟವರ ಆತ್ಮಕಥೆಯೋ ಜೀವನಚರಿತ್ರೆಯೋ ಬೇಕು. ಕಳೆದ ತಿಂಗಳು ಅಂಥದ್ದೊಂದನ್ನು ತರಿಸಿಕೊಂಡು ನಿರಾಶೆಯಾಯಿತು. ಇನ್ನೂರು ಪುಟಗಳ ಉದ್ದಕ್ಕೂ ಲೇಖಕರು ತಮಗೆ ಎಷ್ಟು ಭಾಷೆ ಬರುತ್ತದೆ, ಒಂದೊಂದಕ್ಕೂ ಎಷ್ಟು ವಾರ ಹಿಡಿಯಿತು ಎಂಬುದನ್ನೇ ಹೇಳಿದ್ದಾರೆ. ಆ ಭಾಷೆಗಳಲ್ಲಿ ಯಾರೊಂದಿಗೆ ಜಗಳವಾಡಿದರು, ಯಾರಿಗಾಗಿ ಅತ್ತರು, ಏನನ್ನು ಕಳೆದುಕೊಂಡರು ಎಂಬುದಕ್ಕೆ ಒಂದು ಸಾಲೂ ಇಲ್ಲ.

ಅದಕ್ಕೂ ಮೊದಲು ಇಲಿಯಾಸ್ ಕನೆಟ್ಟಿಯವರ ಬಾಲ್ಯದ ನೆನಪುಗಳನ್ನು ಇಂಗ್ಲಿಷ್‌ನಲ್ಲಿ ಓದಿದ್ದೆ, 'ದಿ ಟಂಗ್ ಸೆಟ್ ಫ್ರೀ'. ಅವರು 1905ರಲ್ಲಿ ಬಲ್ಗೇರಿಯಾದ ರುಸೆ ಪಟ್ಟಣದಲ್ಲಿ ಹುಟ್ಟಿದವರು. ಮನೆಮಾತು ಯಹೂದಿಗಳ ಹಳೆಯ ಸ್ಪ್ಯಾನಿಷ್. ಅಪ್ಪ ಅಮ್ಮ ಮಕ್ಕಳಿಗೆ ತಿಳಿಯಬಾರದ ಮಾತನ್ನು ಜರ್ಮನ್‌ನಲ್ಲಿ ಆಡಿಕೊಳ್ಳುತ್ತಿದ್ದರು. ಅಪ್ಪ ಇದ್ದಕ್ಕಿದ್ದಂತೆ ತೀರಿಹೋದ ಮೇಲೆ ಅಮ್ಮ ಎಂಟು ವರ್ಷದ ಮಗನಿಗೆ ಅದೇ ಜರ್ಮನ್ ಕಲಿಸಲು ಕೂರುತ್ತಾರೆ. ಪುಸ್ತಕ ಅಮ್ಮನ ಕೈಯಲ್ಲಿ, ಮಗನಿಗೆ ನೋಡಲು ಕೊಡುವುದಿಲ್ಲ. ಒಂದು ವಾಕ್ಯ ಹೇಳುವುದು, ಉಚ್ಚಾರ ಸರಿಹೋಗುವ ತನಕ ಹೇಳಿಸುವುದು, ಅರ್ಥವನ್ನು ಒಂದೇ ಸಲ ಹೇಳುವುದು. ಮರುದಿನ ಮರೆತಿದ್ದರೆ ಹಂಗಿಸುವುದು. ಆ ಪುಟಗಳನ್ನು ಓದುವಾಗ ನನಗೆ ಆ ತಾಯಿಯ ಮೇಲೆ ಸಿಟ್ಟು ಬಂದಿತ್ತು. ಗಂಡನೊಂದಿಗೆ ಆಡುತ್ತಿದ್ದ ಮಾತನ್ನು ಆಡಲು ಅವರಿಗೆ ಇನ್ನೊಬ್ಬರು ಬೇಕಾಗಿತ್ತು ಎಂದು ಹೊಳೆದಾಗ ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಮಗ ಮುಂದೆ ಬರೆದದ್ದೆಲ್ಲ ಆ ಜರ್ಮನ್‌ನಲ್ಲೇ. 1981ರ ನೊಬೆಲ್ ಬಂದದ್ದೂ ಆ ಬರಹಕ್ಕೇ.

ಇಂಥವು ಬೇಕು. ಕನ್ನಡ, ಹಿಂದಿ, ಇಂಗ್ಲಿಷ್ ಯಾವುದಾದರೂ ಸರಿ.

ನಿಧಾನ_ಓದು
ಕಾಟೊ ಲೋಂಬ್. ಕಣ್ಣು ಮುಚ್ಚಿ ತೆಗೆದುಕೊಳ್ಳಿ.

ಧಾರವಾಡ_ಮಾಳಮಡ್ಡಿ
ಮೇಡಂ, ಎಣಿಕೆಯ ಮೇಲೆ ಅಷ್ಟು ಕೋಪ ಬೇಡ. ಮೂವತ್ತು ಭಾಷೆ ಕಲಿತವನು ಮೂವತ್ತು ಎಂದು ಹೇಳಿಕೊಂಡರೆ ತಪ್ಪೇನು? ಬೊಲೊನ್ಯಾದ ಕಾರ್ಡಿನಲ್ ಮೆಝೊಫಾಂತಿಯವರ (1774–1849) ಜೀವನಚರಿತ್ರೆಯನ್ನು ಚಾರ್ಲ್ಸ್ ವಿಲಿಯಂ ರಸೆಲ್ 1858ರಲ್ಲಿ ಪ್ರಕಟಿಸಿದರು. ಬಡಗಿಯ ಮಗ, ಇಟಲಿ ಬಿಟ್ಟು ಹೊರಗೆ ಕಾಲಿಟ್ಟವರಲ್ಲ. ಲಾರ್ಡ್ ಬೈರನ್‌ನಂಥವನೇ ಅವರನ್ನು ಭೇಟಿಯಾಗಿ ಬೆರಗಾಗಿದ್ದ. ಸಂಖ್ಯೆಯನ್ನು ಬದಿಗಿಟ್ಟರೆ ಅಂಥವರ ಕಥೆಯಲ್ಲಿ ಉಳಿಯುವುದಾದರೂ ಏನು?

ಶಿಕಾಗೊ_ಕನ್ನಡಿಗ
ಉಳಿಯುವುದು ಬಹಳ ಇದೆ ಸರ್. ನೀವು ಹೇಳಿದ ಪುಸ್ತಕದಲ್ಲೇ ಇದೆ. ನೆಪೋಲಿಯನ್ ಕಾಲದ ಯುದ್ಧಗಳಲ್ಲಿ ಗಾಯಗೊಂಡ ಹಂಗೇರಿಯ, ಜರ್ಮನಿಯ, ಸ್ಲಾವ್ ನಾಡುಗಳ ಸೈನಿಕರು ಬೊಲೊನ್ಯಾದ ಆಸ್ಪತ್ರೆಗಳಲ್ಲಿ ತುಂಬಿದ್ದರು. ಸಾಯುವ ಮುನ್ನ ತಪ್ಪೊಪ್ಪಿಗೆ ಹೇಳಿಕೊಳ್ಳಬೇಕೆಂದರೆ ಅವರ ಮಾತು ತಿಳಿದ ಪಾದ್ರಿ ಇರಲಿಲ್ಲ. ಮೆಝೊಫಾಂತಿ ಹಾಸಿಗೆಯ ಪಕ್ಕ ಕುಳಿತು, ಎಲ್ಲರಿಗೂ ಬಾಯಿಪಾಠವಾಗಿರುವ ಪ್ರಾರ್ಥನೆಯನ್ನು ಅವರವರ ಭಾಷೆಯಲ್ಲಿ ಹೇಳಿಸಿ, ಅದರಿಂದ ಪದಗಳನ್ನು ಬಿಡಿಸಿಕೊಂಡು ಕಲಿತರು. ಸಹನಾ ಅವರು ಕೇಳುತ್ತಿರುವುದು ಈ ಬಗೆಯ ಪುಟಗಳನ್ನು.

ಇದರ ಜೊತೆಗೆ ಮೈಕೆಲ್ ಎರಾರ್ಡ್ ಅವರ 'ಬೇಬಲ್ ನೋ ಮೋರ್' (2012) ಓದಿ. ಅವರು ಬೊಲೊನ್ಯಾದ ಗ್ರಂಥಾಲಯಕ್ಕೇ ಹೋಗಿ ಮೆಝೊಫಾಂತಿಯ ಕಾಗದಪತ್ರಗಳ ಕಟ್ಟು ಬಿಚ್ಚುತ್ತಾರೆ. ಪೆಟ್ಟಿಗೆಯೊಳಗೆ ಸಿಗುವುದು ಪದಚೀಟಿಗಳ ಕಟ್ಟುಗಳು. ಪವಾಡಪುರುಷ ಎಂದು ಜಗತ್ತು ಹೊಗಳಿದ ಮನುಷ್ಯ ನಮ್ಮ ಮಕ್ಕಳ ಹಾಗೆ ಚೀಟಿಯ ಮೇಲೆ ಪದ ಬರೆದುಕೊಂಡು ಉರು ಹೊಡೆದಿದ್ದರು.

ಸಾಗರದ_ಸಹನಾ
ಸೈನಿಕರ ಹಾಸಿಗೆಯ ಪಕ್ಕ ಕುಳಿತ ಪಾದ್ರಿ, ಪದಚೀಟಿ: ಇವೆರಡಕ್ಕಾಗಿಯೇ ಎರಡೂ ಪುಸ್ತಕ ಓದುತ್ತೇನೆ. ಮಾಳಮಡ್ಡಿ ಸರ್, ಕೋಪ ಇಳಿಯಿತು. ಲೋಂಬ್ ಬಗ್ಗೆ ಹೇಳಿದವರು ಇನ್ನೂ ನಾಲ್ಕು ಸಾಲು ಬರೆಯಬಹುದೇ?

ನಿಧಾನ_ಓದು
ಬರೆಯುತ್ತೇನೆ. ಹಂಗೇರಿಯವರು, 1909ರಿಂದ 2003. ಓದಿದ್ದು ರಸಾಯನಶಾಸ್ತ್ರ, ಹೊಟ್ಟೆಪಾಡಿಗೆ ಹಿಡಿದದ್ದು ದುಭಾಷಿ ಕೆಲಸ. ಹದಿನಾರು ಭಾಷೆಗಳಲ್ಲಿ ಕೆಲಸ ಮಾಡಿದರು, ಹೆಚ್ಚಿನವನ್ನು ತಾವೇ ಪುಸ್ತಕ ಓದಿ ಕಲಿತರು. ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ ಗೊಗೊಲ್‌ನ ರಷ್ಯನ್ ಕಾದಂಬರಿ ಇಟ್ಟುಕೊಂಡಿರುವುದೇ ಅಪಾಯವಾಗಿತ್ತು. ಅದರ ಹಾಳೆಗಳನ್ನು ಹಂಗೇರಿಯನ್ ಪುಸ್ತಕವೊಂದರ ಒಳಗೆ ಅಡಗಿಸಿಕೊಂಡು, ಬಾಂಬ್ ದಾಳಿಯ ರಾತ್ರಿಗಳಲ್ಲಿ ನೆಲಮಾಳಿಗೆಯಲ್ಲಿ ಕುಳಿತು ಓದುತ್ತಿದ್ದರು. 1970ರಲ್ಲಿ ಅವರ ಪುಸ್ತಕದ ಹಂಗೇರಿಯನ್ ಮೂಲ ಬಂತು, 'ಪಾಲಿಗ್ಲಾಟ್' ಎಂಬ ಇಂಗ್ಲಿಷ್ ಅನುವಾದ 2008ರಲ್ಲಿ.

ಅಕ್ಷರಪೆಟ್ಟಿಗೆ
ಒಳ್ಳೆಯ ಪುಸ್ತಕವೇ. ಆದರೆ ಅದರಲ್ಲಿ ಬದುಕಿಗಿಂತ ವಿಧಾನವೇ ಹೆಚ್ಚು. ಹಾಕಿದ ಸಮಯಕ್ಕೆ ಆಸಕ್ತಿಯನ್ನು ಕೂಡಿಸಿ ಸಂಕೋಚದಿಂದ ಭಾಗಿಸಿದರೆ ಫಲ ಬರುತ್ತದೆ ಎಂಬ ಸೂತ್ರ ಇದೆಯಲ್ಲ, ಅಂಥವು. ಗಂಡನ ಬಗ್ಗೆ, ಮಕ್ಕಳ ಬಗ್ಗೆ ಎಷ್ಟು ಪುಟ ಇವೆ ಹೇಳಿ?

ನಿಧಾನ_ಓದು
ಕೆಲಸದ ಬಗ್ಗೆ ಬರೆದ ಹೆಂಗಸನ್ನು ಮಾತ್ರ ಗಂಡ ಮಕ್ಕಳ ಲೆಕ್ಕ ಕೇಳುತ್ತೇವೆ. ಮೆಝೊಫಾಂತಿಯ ವಿಷಯದಲ್ಲಿ ಯಾರೂ ಕೇಳಲಿಲ್ಲ.

ಅಕ್ಷರಪೆಟ್ಟಿಗೆ
ಅದು ಸರಿಯಾದ ಮಾತು, ಒಪ್ಪಿದೆ. ಆದರೆ ಕೇಳಬೇಕಾದದ್ದು ಗಂಡಸರನ್ನೂ. ನನ್ನ ಪಟ್ಟಿಯಲ್ಲಿ ಮೊದಲ ಸ್ಥಾನ ಇರುವುದು ಆ ಲೆಕ್ಕವನ್ನು ಪೂರ್ತಿ ಕೊಡುವ ಪುಸ್ತಕಕ್ಕೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕ ಜೇಮ್ಸ್ ಮರ್ರೆ ಅವರ ಜೀವನಚರಿತ್ರೆ, 'ಕಾಟ್ ಇನ್ ದ ವೆಬ್ ಆಫ್ ವರ್ಡ್ಸ್' (1977). ಬರೆದವರು ಮೊಮ್ಮಗಳು ಎಲಿಜಬೆತ್ ಮರ್ರೆ. 1866ರಲ್ಲಿ ಜೇಮ್ಸ್ ಬ್ರಿಟಿಷ್ ಮ್ಯೂಸಿಯಂಗೆ ಕೆಲಸ ಕೇಳಿ ಒಂದು ಅರ್ಜಿ ಹಾಕುತ್ತಾರೆ. ಇಟಾಲಿಯನ್, ಫ್ರೆಂಚ್, ಕ್ಯಾಟಲನ್ ಎಂದು ಶುರುವಾಗುವ ಭಾಷೆಗಳ ಪಟ್ಟಿ ಸಾಲುಸಾಲಾಗಿ ಬೆಳೆಯುತ್ತದೆ. ಕೆಲಸ ಸಿಗಲಿಲ್ಲ.

ಆಮೇಲೆ ಮನೆಯ ಅಂಗಳದಲ್ಲಿ ತಗಡಿನ ಕೊಟ್ಟಿಗೆ ಕಟ್ಟಿಸಿ ನಿಘಂಟಿನ ಕೆಲಸ. ಆಕ್ಸ್‌ಫರ್ಡ್‌ನಲ್ಲಿ ನೆರೆಯವರು ತಕರಾರು ತೆಗೆದದ್ದರಿಂದ ಅದನ್ನು ಅರ್ಧ ನೆಲದೊಳಗೆ ಇಳಿಸಿ ಕಟ್ಟಬೇಕಾಯಿತು. ಚಳಿಗಾಲದಲ್ಲಿ ಕೋಟು ಹೊದ್ದು, ಗಾಳಿ ತಾಗದಿರಲೆಂದು ಎರಡೂ ಪಾದಗಳನ್ನು ಒಂದು ಪೆಟ್ಟಿಗೆಯೊಳಗೆ ಇಟ್ಟುಕೊಂಡು ಬರೆಯುತ್ತಿದ್ದರಂತೆ. ಹನ್ನೊಂದು ಮಕ್ಕಳು, ಅವರಿಗೆ ಕೈಖರ್ಚಿಗೆ ಕಾಸು ಬೇಕಾದರೆ ಪದಚೀಟಿಗಳನ್ನು ಅಕಾರಾದಿಯಾಗಿ ಜೋಡಿಸಿಕೊಡಬೇಕು. 1915ರಲ್ಲಿ ಅವರು ತೀರಿಹೋದರು, ನಿಘಂಟು ಮುಗಿದದ್ದು 1928ರಲ್ಲಿ. ನಾನು ಮುದ್ರಣಾಲಯದಲ್ಲಿ ಇಪ್ಪತ್ತೆರಡು ವರ್ಷ ಕರಡು ತಿದ್ದಿದವನು. ಆ ಪೆಟ್ಟಿಗೆಯೊಳಗಿನ ಪಾದಗಳು ಮರೆಯುವುದೇ ಇಲ್ಲ.

ಕಡಲಕರೆ
ನಿಘಂಟಿನ ಮಾತು ಬಂದ ಮೇಲೆ ಕಿಟ್ಟೆಲ್ ಹೆಸರು ಇಷ್ಟು ಹೊತ್ತಾದರೂ ಬರಲಿಲ್ಲವಲ್ಲ! 1894ರಲ್ಲಿ ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾದ ಕನ್ನಡ–ಇಂಗ್ಲಿಷ್ ನಿಘಂಟು, ಸುಮಾರು 70,000 ಪದಗಳು. ಕನ್ನಡದ ಮೊದಲ ನಿಘಂಟು.

ಧಾರವಾಡ_ಮಾಳಮಡ್ಡಿ
ಮೊದಲನೆಯದಲ್ಲ. ವಿಲಿಯಂ ರೀವ್ ಅವರ ಇಂಗ್ಲಿಷ್–ಕನ್ನಡ ಕೋಶ 1824ರಲ್ಲೂ ಕನ್ನಡ–ಇಂಗ್ಲಿಷ್ ಕೋಶ 1832ರಲ್ಲೂ ಬಂದಿವೆ. ಕಿಟ್ಟೆಲ್ ಹುಟ್ಟಿದ ವರ್ಷವೇ 1832. ನಮ್ಮ ರನ್ನನ ಹೆಸರಿನಲ್ಲೂ 'ರನ್ನಕಂದ' ಎಂಬ ಪದ್ಯರೂಪದ ಕೋಶ ಇದೆ, ಅಂದರೆ ಕೋಶದ ಪರಂಪರೆ ಇನ್ನೂ ಎಷ್ಟೋ ಹಿಂದಿನದು. ಕಿಟ್ಟೆಲ್ ದೊಡ್ಡವರು ಎನ್ನಲು 'ಮೊದಲ' ಎಂಬ ಪದ ಬೇಕಾಗಿಲ್ಲ.

ಕಡಲಕರೆ
ತಿದ್ದಿದ್ದಕ್ಕೆ ಧನ್ಯವಾದ ಸರ್. ಶಬ್ದಮಣಿದರ್ಪಣವನ್ನು 1872ರಲ್ಲಿ, ನಾಗವರ್ಮನ ಛಂದಸ್ಸನ್ನು 1875ರಲ್ಲಿ ಸಂಪಾದಿಸಿ ಕೊಟ್ಟವರೂ ಅವರೇ ಎಂಬುದನ್ನಾದರೂ ಸೇರಿಸುತ್ತೇನೆ.

ಮಲ್ಲಿಗೆದಂಡೆ
ಹರ್ಮನ್ ಹೆಸ್ಸೆ ಕಿಟ್ಟೆಲ್ ಅವರ ಮೊಮ್ಮಗ ಅಲ್ಲವೇ? ಎಲ್ಲೋ ಓದಿದ ನೆನಪು.

ಕಡಲಕರೆ
ಅಲ್ಲ. ಹೆಸ್ಸೆ ಹರ್ಮನ್ ಗುಂಡರ್ಟ್ ಅವರ ಮಗಳ ಮಗ. ಗುಂಡರ್ಟ್ (1814–1893) ಅದೇ ಬಾಸೆಲ್ ಮಿಷನ್‌ನವರು. ತಲಶ್ಶೇರಿಯಲ್ಲಿದ್ದು ಮಲಯಾಳಂ ನಿಘಂಟು ಮಾಡಿದರು, ಅದು ಅಚ್ಚಾದದ್ದು 1872ರಲ್ಲಿ. ಹೆಸ್ಸೆಯ ತಾಯಿ ಮರಿ ಹುಟ್ಟಿದ್ದೇ ತಲಶ್ಶೇರಿಯಲ್ಲಿ, 1842ರಲ್ಲಿ. ಜರ್ಮನ್ ಬಲ್ಲವರಿಗೆ ಗುಂಡರ್ಟ್ ಅವರ ಮಲಬಾರಿನ ದಿನಚರಿ ಪುಸ್ತಕವಾಗಿ ಸಿಗುತ್ತದೆ. ಅದನ್ನು ಯಾರಾದರೂ ಕನ್ನಡಕ್ಕೆ ತಂದರೆ ಮೊದಲ ಪ್ರತಿ ನಾನೇ ಕೊಳ್ಳುತ್ತೇನೆ.

ಹಿಮಗಾಳಿ
ಕಷ್ಟಪಟ್ಟವರ ಕಥೆ ಬೇಕೆಂದರೆ ಅಲೆಕ್ಸಾಂಡರ್ ಚೋಮಾ ಅವರನ್ನು ಬಿಟ್ಟು ಇನ್ನಾರೂ ಇಲ್ಲ. ಹಂಗೇರಿಯನ್ ಜನರ ಮೂಲ ಏಷ್ಯಾದಲ್ಲಿ ಎಲ್ಲೋ ಇದೆ ಎಂದು ನಂಬಿ, ಹೆಚ್ಚಿನ ದಾರಿಯನ್ನು ಕಾಲ್ನಡಿಗೆಯಲ್ಲೇ ಸವೆಸಿ ಲಡಾಖ್‌ಗೆ ಬಂದವರು. ಹುಡುಕಿದ್ದು ಸಿಗಲಿಲ್ಲ. ಟಿಬೆಟನ್ ಭಾಷೆ ಸಿಕ್ಕಿತು. 1823ರಿಂದ 1824ರವರೆಗೆ ಝನ್‌ಸ್ಕಾರ್ ಕಣಿವೆಯ ಝಂಗ್ಲಾದಲ್ಲಿ ಒಬ್ಬ ಲಾಮಾನ ಬಳಿ ಕಲಿತರು.

ಅಲ್ಲಿಯ ಕೋಣೆ ಒಂಬತ್ತು ಅಡಿ ಚೌಕ. ಚಳಿಗಾಲದ ಮೂರು ನಾಲ್ಕು ತಿಂಗಳು ಹೊರಗೆ ಹೆಜ್ಜೆ ಇಡುವಂತಿಲ್ಲ, ಒಳಗೆ ಬೆಂಕಿಯಿಲ್ಲ, ಕತ್ತಲಾದ ಮೇಲೆ ದೀಪವಿಲ್ಲ. ಕುರಿಯ ತೊಗಲಿನ ನಿಲುವಂಗಿಯೊಳಗೆ ಕೈ ಕಟ್ಟಿಕೊಂಡು ಕುಳಿತು ಬೆಳಗಿನಿಂದ ಸಂಜೆಯ ತನಕ ಓದು. ಹಾಳೆ ತಿರುವಲು ಕೈ ಹೊರತೆಗೆಯುವುದೇ ಶಿಕ್ಷೆಯಾಗಿತ್ತು ಎಂದು ಮುಂದೆ ಅವರನ್ನು ಕಂಡ ವೈದ್ಯ ಜೆರಾರ್ಡ್ ಬರೆದಿದ್ದಾರೆ. ಹಾಗೆ ಕೂಡಿಸಿದ್ದು 40,000 ಪದ. ನಿಘಂಟು 1834ರಲ್ಲಿ ಕಲ್ಕತ್ತೆಯಲ್ಲಿ ಅಚ್ಚಾಯಿತು. ಲಾಸಾಕ್ಕೆ ಹೊರಟವರು 1842ರಲ್ಲಿ ಡಾರ್ಜಿಲಿಂಗ್‌ನಲ್ಲಿ ಜ್ವರ ಬಂದು ತೀರಿಹೋದರು, ಸಮಾಧಿ ಅಲ್ಲೇ ಇದೆ. ಥಿಯೊಡೋರ್ ಡೂಕಾ 1885ರಲ್ಲಿ ಬರೆದ ಜೀವನಚರಿತ್ರೆ ಓದಿ.

ನಾನು ಝಂಗ್ಲಾಕ್ಕೆ ಹೋಗಿದ್ದೆ, ಅದೂ ಬೇಸಿಗೆಯಲ್ಲಿ. ಎರಡು ಸ್ವೆಟರ್ ಹಾಕಿಕೊಂಡು ಗೋಡೆಗೆ ಅಂಗೈ ಇಟ್ಟರೆ ತಣ್ಣಗೆ ಕೊರೆಯುತ್ತಿತ್ತು.

ಮಲ್ಲಿಗೆದಂಡೆ
ದೇಶ ಸುತ್ತಬೇಕು, ಕೋಶ ಓದಬೇಕು ಎನ್ನುತ್ತೇವೆ. ಇವರು ದೇಶ ಸುತ್ತಿ ಕೋಶವನ್ನೇ ಬರೆದರು.

ಶಿಕಾಗೊ_ಕನ್ನಡಿಗ
ಟಿಬೆಟ್ ಎಂದ ಕೂಡಲೇ ರಾಹುಲ ಸಾಂಕೃತ್ಯಾಯನರ ನೆನಪಾಯಿತು. ಸಹನಾ ಅವರಿಗೆ ಹಿಂದಿ ಬರುವುದರಿಂದ 'ಮೇರೀ ಜೀವನ್ ಯಾತ್ರಾ'ವನ್ನು ಮೂಲದಲ್ಲೇ ಓದಬಹುದು. ಆಜಂಗಢ ಜಿಲ್ಲೆಯ ಕೇದಾರನಾಥ ಪಾಂಡೆ ಮನೆ ಬಿಟ್ಟು, ಸಾಧುವಾಗಿ, ಆರ್ಯಸಮಾಜಿಯಾಗಿ, ಬೌದ್ಧ ಭಿಕ್ಷುವಾಗಿ, ಕಮ್ಯುನಿಸ್ಟ್ ಆಗಿ ನಡೆದ ದಾರಿ ಅದು. ನಾಲ್ಕು ಸಲ ಟಿಬೆಟ್‌ಗೆ ಹೋಗಿ ಹಸ್ತಪ್ರತಿಗಳನ್ನು ಹುಡುಕಿ, ಹೇಸರಗತ್ತೆಗಳ ಮೇಲೆ ಹೇರಿಸಿಕೊಂಡು ಬಂದರು.

ಸಾಗರದ_ಸಹನಾ
ಇದು ನಮ್ಮ ಶಾಲೆಯ ಗ್ರಂಥಾಲಯದಲ್ಲೇ ಇದೆ, ಒಂದು ಸಂಪುಟ ಮಾತ್ರ. ಹತ್ತು ವರ್ಷದಿಂದ ಅದರ ಪಕ್ಕದಲ್ಲೇ ಓಡಾಡುತ್ತಿದ್ದೇನೆ.

ಲಿಪಿಪ್ರೇಮಿ
ಲಿಪಿ ಒಡೆದವರನ್ನೂ ಸೇರಿಸಿಕೊಳ್ಳುವುದಾದರೆ ಆಲಿಸ್ ಕೋಬರ್ (1906–1950). ಕ್ರೀಟ್ ದ್ವೀಪದ 'ಲೀನಿಯರ್ ಬಿ' ಬರಹವನ್ನು 1952ರಲ್ಲಿ ಓದಿದ್ದು ಮೈಕೆಲ್ ವೆಂಟ್ರಿಸ್, ನಿಜ. ಆದರೆ ಆ ಭಾಷೆಯಲ್ಲಿ ಪದದ ಕೊನೆ ವಿಭಕ್ತಿಯಂತೆ ಬದಲಾಗುತ್ತದೆ ಎಂದು ತೋರಿಸಿ ದಾರಿ ಮಾಡಿಕೊಟ್ಟವರು ಬ್ರೂಕ್ಲಿನ್ ಕಾಲೇಜಿನ ಈ ಅಧ್ಯಾಪಕಿ. ಹಗಲು ಪಾಠ, ರಾತ್ರಿ ಊಟದ ಮೇಜಿನ ಮೇಲೆ ಸಂಶೋಧನೆ. ಯುದ್ಧಕಾಲದಲ್ಲಿ ಕಾಗದ ಸಿಗದೆ, ಚರ್ಚಿನ ಸುತ್ತೋಲೆ, ಶುಭಾಶಯ ಪತ್ರ, ಗ್ರಂಥಾಲಯದ ಚೀಟಿ ಹೀಗೆ ಸಿಕ್ಕಿದ್ದನ್ನೆಲ್ಲ ಕತ್ತರಿಸಿ 1,80,000 ಚೀಟಿ ಮಾಡಿದರು. ಅವನ್ನು ಸಿಗರೇಟಿನ ಖಾಲಿ ಪೆಟ್ಟಿಗೆಗಳಲ್ಲಿ ಜೋಡಿಸಿಟ್ಟರು. ಲಿಪಿ ಬಿಡಿಸಿಕೊಳ್ಳುವುದನ್ನು ನೋಡದೆಯೇ ಹೋದರು. ಮಾರ್ಗಲಿಟ್ ಫಾಕ್ಸ್ ಅವರ 'ದ ರಿಡಲ್ ಆಫ್ ದ ಲ್ಯಾಬಿರಿಂತ್' (2013) ಈ ಕಥೆ ಹೇಳುತ್ತದೆ. ಮುಗಿಸಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಧಾರವಾಡ_ಮಾಳಮಡ್ಡಿ
1,80,000 ಚೀಟಿ! ನೋಡಿ, ಕೊನೆಗೆ ನೀವೂ ಸಂಖ್ಯೆಯನ್ನೇ ಹೇಳಿದಿರಿ.

ಲಿಪಿಪ್ರೇಮಿ
ಹೇಳಿದೆ ಸರ್. ಭಾಷೆಯ ಸಂಖ್ಯೆ ಹೆಮ್ಮೆಗೆ, ಚೀಟಿಯ ಸಂಖ್ಯೆ ದುಡಿಮೆಗೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಜೇನುಕಲ್ಲು
ಡ್ಯಾನಿಯಲ್ ಎವರೆಟ್ ಅವರ 'ಡೋಂಟ್ ಸ್ಲೀಪ್, ದೇರ್ ಆರ್ ಸ್ನೇಕ್ಸ್' (2008). ಅಮೆಜಾನ್ ಕಾಡಿನ ಪಿರಾಹಾ ಜನರಿಗೆ ಬೈಬಲ್ ಅನುವಾದಿಸಲು ಹೆಂಡತಿ ಮಕ್ಕಳೊಂದಿಗೆ ಹೋದ ಮಿಷನರಿ. ಅವರ ಭಾಷೆ ಕಲಿಯುತ್ತ ಕಲಿಯುತ್ತ ತನ್ನ ನಂಬಿಕೆಯನ್ನೇ ಕಳೆದುಕೊಂಡ. ತಾವು ಕಣ್ಣಾರೆ ಕಂಡದ್ದನ್ನು, ಕಂಡವರಿಂದ ಕೇಳಿದ್ದನ್ನು ಮಾತ್ರ ಅವರು ಮಾತಿಗೆ ತೆಗೆದುಕೊಳ್ಳುತ್ತಾರೆ. ನೀನು ಏಸುವನ್ನು ನೋಡಿದ್ದೀಯಾ ಎಂದು ಕೇಳಿದರೆ ಉತ್ತರವೇನು? ಹೆಂಡತಿ, ಮಗಳು ಇಬ್ಬರಿಗೂ ಮಲೇರಿಯಾ ಬಂದು, ಈತ ಅದನ್ನು ಟೈಫಾಯ್ಡ್ ಎಂದುಕೊಂಡು ದೋಣಿಯಲ್ಲಿ ಆಸ್ಪತ್ರೆಗೆ ಸಾಗಿಸುವ ಅಧ್ಯಾಯ ಉಸಿರು ಬಿಗಿಹಿಡಿದು ಓದುವಂಥದ್ದು.

ಶಿಕಾಗೊ_ಕನ್ನಡಿಗ
ಓದಲು ಅದ್ಭುತ, ಒಪ್ಪುತ್ತೇನೆ. ಆದರೆ ಅದರಲ್ಲಿರುವ ಭಾಷಾವಿಜ್ಞಾನದ ವಾದ ಇನ್ನೂ ಇತ್ಯರ್ಥವಾಗಿಲ್ಲ ಎಂಬುದನ್ನು ನೆನಪಿಟ್ಟು ಓದಿ. ವಾಕ್ಯದೊಳಗೆ ವಾಕ್ಯ ಹುದುಗಿಸುವ ಗುಣ ಈ ಭಾಷೆಗಿಲ್ಲ ಎಂದು 2005ರಲ್ಲಿ ಎವರೆಟ್ ಬರೆದಾಗ ಆ ಗುಣ ಮನುಷ್ಯಭಾಷೆಯ ಮೂಲಗುಣ ಎನ್ನುವ ಭಾಷಾವಿಜ್ಞಾನಿ ಚಾಮ್ಸ್ಕಿಯ ಹಾದಿಯವರು ಸಾಲುಸಾಲಾಗಿ ಉತ್ತರ ಕೊಟ್ಟರು. ಎವರೆಟ್ ಹಿಂದೆ ಬರೆದ ವ್ಯಾಕರಣದಲ್ಲೇ ಅದಕ್ಕೆ ವಿರುದ್ಧವಾದ ಉದಾಹರಣೆಗಳಿವೆ ಎಂದೂ ತೋರಿಸಿದರು.

ಜೇನುಕಲ್ಲು
ಕಾಡಿಗೆ ಹೋಗಿ ವರ್ಷಗಟ್ಟಲೆ ಕೂತವನ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಶಿಕಾಗೊ_ಕನ್ನಡಿಗ
ಕೂತದ್ದಕ್ಕೆ ಗೌರವ ಕೊಡೋಣ. ಕೂತದ್ದೇ ಪುರಾವೆಯಾಗುವುದಿಲ್ಲ. ಕೂತವರ ಪುಸ್ತಕವೇ ಬೇಕೆಂದರೆ ಡಾನ್ ಕುಲಿಕ್ ಅವರ 'ಎ ಡೆತ್ ಇನ್ ದ ರೈನ್‌ಫಾರೆಸ್ಟ್' (2019) ನನಗೆ ಹೆಚ್ಚು ಪ್ರಾಮಾಣಿಕವೆನಿಸಿತು. ಪಪುವಾ ನ್ಯೂಗಿನಿಯ ಗಾಪುನ್ ಎಂಬ ಪುಟ್ಟ ಹಳ್ಳಿ, ಅಲ್ಲಿ ಮಾತ್ರ ಇರುವ ತಾಯಾಪ್ ಭಾಷೆ. ಮೂವತ್ತು ವರ್ಷ ಹೋಗಿ ಬಂದು, ಮಕ್ಕಳು ಅದನ್ನು ಬಿಟ್ಟು ಆ ದೇಶದ ಸಂಪರ್ಕಭಾಷೆಯಾದ ಟೋಕ್ ಪಿಸಿನ್‌ಗೆ ಹೊರಳಿದ್ದನ್ನು ನೋಡಿದರು. ಯಾರೂ ನಿಷೇಧಿಸಲಿಲ್ಲ, ಯಾರೂ ಹೊಡೆಯಲಿಲ್ಲ. ಮನೆಯೊಳಗೇ ಭಾಷೆ ಸವೆದುಹೋಯಿತು.

ಬದಿಯಡ್ಕ_ಬಸ್‌ಸ್ಟಾಂಡ್
ಎಲ್ಲರೂ ಅಮೆಜಾನ್, ಪಪುವಾ ಎನ್ನುತ್ತಿದ್ದೀರಿ. ನನ್ನ ಸೋದರತ್ತೆಗೆ ಎಂಬತ್ತಮೂರು. ಮನೆಯಲ್ಲಿ ಕರಾಡ ಮರಾಠಿ, ತೋಟದ ಕೆಲಸಕ್ಕೆ ಬರುವವರೊಂದಿಗೆ ತುಳು, ಶಾಲೆಯಲ್ಲಿ ಕಲಿತದ್ದು ಕನ್ನಡ, ಪೇಟೆಯಲ್ಲಿ ಮಲಯಾಳಂ, ಬೇಲಿಯಾಚೆಯ ಮನೆಯವರೊಂದಿಗೆ ಬ್ಯಾರಿ, ಗೆಳತಿಯೊಂದಿಗೆ ಹವ್ಯಕ ಕನ್ನಡ. ಒಂದು ಬೆಳಗಿನಲ್ಲಿ ಆರನ್ನೂ ಆಡುತ್ತಾರೆ. ಅವರನ್ನು ಬಹುಭಾಷಾ ವಿದ್ವಾಂಸೆ ಎಂದು ಯಾರೂ ಕರೆದಿಲ್ಲ. ಇಂಥವರ ಜೀವನಚರಿತ್ರೆಯನ್ನು ಬರೆಯುವುದು ಯಾವಾಗ?

ಕಾಸರಗೋಡಿನವನಾದ್ದರಿಂದ ಮಂಜೇಶ್ವರದ ಗೋವಿಂದ ಪೈಗಳ ಹೆಸರನ್ನೂ ಸೇರಿಸುತ್ತೇನೆ. 1883ರಿಂದ 1963. ರಾಷ್ಟ್ರಕವಿ ಎಂದಷ್ಟೇ ಪಠ್ಯಪುಸ್ತಕ ಹೇಳುತ್ತದೆ. ಮನೆಯಲ್ಲಿ ಕುಳಿತು ಗ್ರೀಕ್, ಲ್ಯಾಟಿನ್ ತನಕ ಎಷ್ಟು ಭಾಷೆ ಕಲಿತರು, ಯಾಕೆ ಕಲಿತರು ಎಂಬುದು ಬೇರೆಯೇ ಕಥೆ.

ಅಕ್ಷರಪೆಟ್ಟಿಗೆ
ವಿದ್ವತ್ತಿಗೂ ದಿನಬಳಕೆಗೂ ವ್ಯತ್ಯಾಸ ಇದೆಯಲ್ಲವೇ? ಆರು ಭಾಷೆ ಆಡುವುದು ಬೇರೆ, ಒಂದು ಭಾಷೆಯ ರಚನೆಯನ್ನು ಬಿಡಿಸಿ ತೋರಿಸುವುದು ಬೇರೆ.

ಮಲೆಯೂರು_ಹಾದಿ
ವ್ಯತ್ಯಾಸ ಇದೆ. ಆದರೆ ಬಿಡಿಸಿ ತೋರಿಸಿದವರ ಹೆಸರೂ ಉಳಿದಿಲ್ಲ ಎಂಬುದು ನನ್ನ ತಕರಾರು. ಈ ಪುಸ್ತಕಗಳಲ್ಲೆಲ್ಲ ಕಲಿತವರ ಹೆಸರು ರಟ್ಟಿನ ಮೇಲೆ, ಕಲಿಸಿದವರ ಹೆಸರು ಅಡಿಟಿಪ್ಪಣಿಯಲ್ಲಿ. ವಿಲಿಯಂ ಜೋನ್ಸ್ 1786ರಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದವು ಎಂದದ್ದು ಎಲ್ಲರಿಗೂ ಗೊತ್ತು. ಅವರಿಗೆ ಸಂಸ್ಕೃತ ಹೇಳಿಕೊಟ್ಟ ರಾಮಲೋಚನ ಎಂಬ ವೈದ್ಯ ಎಷ್ಟು ಜನರಿಗೆ ಗೊತ್ತು? ಮೇಲೆ ಚೋಮಾ ಬಗ್ಗೆ ಬರೆದವರೂ 'ಒಬ್ಬ ಲಾಮಾ' ಎಂದು ಮುಂದೆ ಹೋದರು. ಆ ಒಂಬತ್ತು ಅಡಿ ಕೋಣೆಯಲ್ಲಿ ಆತನೂ ಕುಳಿತಿದ್ದ.

ನಮ್ಮೂರ ಕಡೆಯದೇ ಒಂದು ಸಂಗತಿ ಹೇಳುತ್ತೇನೆ. ಕರ್ನಲ್ ಮೆಕೆಂಜಿ ಟಿಪ್ಪು ಸುಲ್ತಾನ್ ಮಡಿದ ನಂತರ ಮೈಸೂರು ಸೀಮೆಯನ್ನು ಅಳೆಯುತ್ತ ಶಾಸನ, ಕೈಫಿಯತ್ತು (ಊರಿನ ಚರಿತ್ರೆಯ ಬರಹ), ಓಲೆಗರಿ ಕೂಡಿಸಿದರು. ತಮಗೆ ಈ ನೆಲದ ಭಾಷೆಗಳು ಬಾರದೆಂದು ತಾವೇ ಒಪ್ಪಿಕೊಂಡಿದ್ದಾರೆ. ಭಾಷೆ ಬಲ್ಲವರು ಕಾವಲಿ ಸೋದರರು ಮತ್ತು ಮಲೆಯೂರಿನ ಜೈನ ಪಂಡಿತ ಧರ್ಮಯ್ಯ. 1816ರಲ್ಲಿ ಥಾಮಸ್ ಹಿಕಿ ಬರೆದ ವರ್ಣಚಿತ್ರವೊಂದಿದೆ. ಮಧ್ಯದಲ್ಲಿ ಕೆಂಪಂಗಿಯ ಮೆಕೆಂಜಿ, ಸುತ್ತ ಸಹಾಯಕರು, ಧರ್ಮಯ್ಯನ ಕೈಯಲ್ಲಿ ಓಲೆಗರಿ, ದೂರದಲ್ಲಿ ಗುಡ್ಡದ ಮೇಲೆ ಕಾರ್ಕಳದ ಗೊಮ್ಮಟ. ಧರ್ಮಯ್ಯನ ಜೀವನಚರಿತ್ರೆ ಯಾರಾದರೂ ಬರೆದರೆ ನಾನು ಎಲ್ಲ ಕೆಲಸ ಬಿಟ್ಟು ಓದುತ್ತೇನೆ.

ಹಿಮಗಾಳಿ
ನಿಮ್ಮ ಮಾತು ತಾಗಿತು. ಆ ಲಾಮಾನ ಹೆಸರು ಸಂಗ್ಯೆ ಫುಂಟ್ಸೋಗ್. ಮೊದಲೇ ಬರೆಯಬೇಕಾಗಿತ್ತು.

ಕಡಲಕರೆ
ಇದಕ್ಕೆ ಹೊಂದುವ ಪುಸ್ತಕ ಥಾಮಸ್ ಟ್ರೌಟ್‌ಮನ್ ಅವರ 'ಲ್ಯಾಂಗ್ವೇಜಸ್ ಅಂಡ್ ನೇಷನ್ಸ್' (2006). ಕನ್ನಡ, ತಮಿಳು, ತೆಲುಗು ಸಂಸ್ಕೃತದಿಂದ ಹುಟ್ಟಿದವಲ್ಲ, ಬೇರೆಯೇ ಕುಟುಂಬದವು ಎಂದು ಮದ್ರಾಸಿನ ಬ್ರಿಟಿಷ್ ಅಧಿಕಾರಿ ಎಲ್ಲಿಸ್ 1816ರಲ್ಲೇ ತೋರಿಸಿದ್ದರು, ಈ ಮಾತಿಗೆ ಹೆಸರಾದ ಕಾಲ್ಡ್‌ವೆಲ್‌ಗಿಂತ ನಲವತ್ತು ವರ್ಷ ಮೊದಲು. ಎಲ್ಲಿಸ್ ಜೊತೆ ಕೆಲಸ ಮಾಡಿದ ಪಟ್ಟಾಭಿರಾಮ ಶಾಸ್ತ್ರಿಯಂಥವರಿಗೆ ಈ ಪುಸ್ತಕ ಸರಿಯಾದ ಜಾಗ ಕೊಡುತ್ತದೆ. ಎಲ್ಲಿಸ್ 1819ರಲ್ಲಿ ರಾಮನಾಡಿನಲ್ಲಿ ಸತ್ತ ಮೇಲೆ ಅವರ ಕಾಗದಪತ್ರಗಳು ಅಡುಗೆಮನೆಯ ಒಲೆಗೆ ಹೋದವೆಂಬ ಕಥೆಯೂ ಇದೆ.

ಚುಕ್ಕಿಗೆರೆ
ಇಷ್ಟೆಲ್ಲ ಹೆಸರು ಬಂದವು, ನಮ್ಮ ಡಿ.ಎನ್. ಶಂಕರ ಭಟ್ಟರ ಹೆಸರು ಯಾರೂ ಎತ್ತಲಿಲ್ಲ! ಕೊರಗ ಭಾಷೆಯಿಂದ ಮಣಿಪುರಿಯ ತನಕ ಕೆಲಸ ಮಾಡಿದವರು. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ತೋರಿಸಿಕೊಟ್ಟವರು.

ಧಾರವಾಡ_ಮಾಳಮಡ್ಡಿ
ವಿದ್ವತ್ತಿಗೆ ನಮಸ್ಕಾರ. ಕನ್ನಡ ಬರಹದಿಂದ ಮಹಾಪ್ರಾಣ ತೆಗೆಯಬೇಕೆಂಬ ಅವರ ವಾದವನ್ನು ಮಾತ್ರ ನಾನು ಒಪ್ಪುವುದಿಲ್ಲ.

ಚುಕ್ಕಿಗೆರೆ
ನೀವು ಮಾತನಾಡುವಾಗ ಎಷ್ಟು ಮಹಾಪ್ರಾಣ ಉಚ್ಚರಿಸುತ್ತೀರಿ ಸರ್?

ಧಾರವಾಡ_ಮಾಳಮಡ್ಡಿ
ಧಾರವಾಡ ಎನ್ನುವಾಗಲೆಲ್ಲ ಉಚ್ಚರಿಸುತ್ತೇನೆ.

ಸಾಗರದ_ಸಹನಾ
ಇಬ್ಬರಿಗೂ ಕೈಮುಗಿದು ಕೇಳುತ್ತೇನೆ, ಈ ಜಗಳಕ್ಕೆ ಇನ್ನೊಂದು ದಿನ ಇಟ್ಟುಕೊಳ್ಳೋಣ.

ಅಕ್ಷರಪೆಟ್ಟಿಗೆ
ಕನ್ನಡದವರ ಮಾತು ಬಂತಲ್ಲ, ಜಿ. ವೆಂಕಟಸುಬ್ಬಯ್ಯನವರನ್ನು ಸೇರಿಸಿ. 1913ರಲ್ಲಿ ಹುಟ್ಟಿ 2021ರಲ್ಲಿ 107ನೆಯ ವಯಸ್ಸಿನಲ್ಲಿ ಹೋದರು. ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನ ಹಿಂದಿನ ದುಡಿಮೆ, ಪ್ರಜಾವಾಣಿಯ 'ಇಗೋ ಕನ್ನಡ' ಅಂಕಣ. ನನ್ನ ತಂದೆ ಆ ಅಂಕಣವನ್ನು ಕತ್ತರಿಸಿ ಹಳೆಯ ಲೆಕ್ಕದ ಪುಸ್ತಕಕ್ಕೆ ಗಂಜಿ ಹಚ್ಚಿ ಅಂಟಿಸುತ್ತಿದ್ದರು. ಆ ಪುಸ್ತಕ ಈಗಲೂ ನನ್ನ ಹತ್ತಿರ ಇದೆ, ಜಿರಳೆ ತಿಂದ ಅಂಚುಗಳ ಸಮೇತ.

ಶಿಕಾಗೊ_ಕನ್ನಡಿಗ
ಎ.ಕೆ. ರಾಮಾನುಜನ್ ಕೂಡ ನಮ್ಮ ಮೈಸೂರಿನವರೇ. ಮನೆಯಲ್ಲಿ ಕೆಳಗೆ ಅಮ್ಮನೊಂದಿಗೆ ತಮಿಳು, ಮಹಡಿಯ ಮೇಲೆ ಗಣಿತದ ಪ್ರಾಧ್ಯಾಪಕ ಅಪ್ಪನೊಂದಿಗೆ ಇಂಗ್ಲಿಷ್, ಬೀದಿಯಲ್ಲಿ ಕನ್ನಡ. ಮೆಟ್ಟಿಲು ಹತ್ತಿ ಇಳಿದರೆ ಭಾಷೆ ಬದಲಾಗುತ್ತಿತ್ತು. ಇಂಡಿಯಾನಾದಲ್ಲಿ ಕನ್ನಡ ವ್ಯಾಕರಣದ ಮೇಲೆಯೇ 1963ರಲ್ಲಿ ಡಾಕ್ಟರೇಟ್ ಪಡೆದರು. ಅವರ ದಿನಚರಿಗಳು 'ಜರ್ನೀಸ್' ಎಂಬ ಹೆಸರಿನಲ್ಲಿ 2019ರಲ್ಲಿ ಬಂದಿವೆ. ಬರೆದದ್ದನ್ನು ಮತ್ತೆ ಮತ್ತೆ ಅನುಮಾನಿಸುವ ಮನಸ್ಸು ಅದರಲ್ಲಿ ಕಾಣುತ್ತದೆ.

ಮಲ್ಲಿಗೆದಂಡೆ
ಪಂಡಿತಾ ರಮಾಬಾಯಿಯವರನ್ನು ಈ ಪಟ್ಟಿಗೆ ಸೇರಿಸಬಹುದೇ? ಸಮಾಜ ಸುಧಾರಕಿ ಎಂದೇ ಎಲ್ಲರೂ ಹೇಳುವುದರಿಂದ ಅನುಮಾನದಿಂದ ಕೇಳುತ್ತಿದ್ದೇನೆ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ಹೆಣ್ಣುಮಕ್ಕಳಿಗೆ ಸಂಸ್ಕೃತ ಕಲಿಸಿದ್ದಕ್ಕೆ ವಿರೋಧ ಕಟ್ಟಿಕೊಂಡು ಗಂಗಾಮೂಲದ ಕಾಡಿನಲ್ಲಿ ಮನೆ ಮಾಡಿದರು. ರಮಾಬಾಯಿ ಅಲ್ಲಿ 1858ರಲ್ಲಿ ಹುಟ್ಟಿದರು. ಹಗಲೆಲ್ಲ ಮನೆಗೆಲಸ ಇರುತ್ತಿದ್ದುದರಿಂದ ತಾಯಿ ಲಕ್ಷ್ಮೀಬಾಯಿ ಬೆಳಕು ಹರಿಯುವ ಮುಂಚೆ ನಿದ್ದೆಗಣ್ಣಿನ ಮಗುವನ್ನು ಎತ್ತಿ, ಮುದ್ದುಮಾಡಿ ಎಬ್ಬಿಸಿ, ಹಕ್ಕಿಗಳು ಕೂಗುವ ಹೊತ್ತಿಗೆ ಶ್ಲೋಕ ಹೇಳಿಕೊಡುತ್ತಿದ್ದರು. ಪುಸ್ತಕವಿಲ್ಲ, ತಾಯಿಯ ಬಾಯಿಂದ ಮಗಳ ಬಾಯಿಗೆ. ಊರೂರು ಅಲೆದಾಟ, ಬರಗಾಲದಲ್ಲಿ ತಂದೆ ತಾಯಿ ಇಬ್ಬರೂ ಹಸಿವಿನಿಂದ ಸತ್ತರು. ಕನ್ನಡ, ಮರಾಠಿ, ಹಿಂದಿ, ಬಂಗಾಳಿ ಎಲ್ಲವೂ ಆ ಅಲೆದಾಟದಲ್ಲಿ ಬಂದವು. 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಪರೀಕ್ಷಿಸಿ 'ಪಂಡಿತಾ' ಎಂದರು. ಕೊನೆಗೆ ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಮೂಲದಿಂದಲೇ ಮರಾಠಿಗೆ ತಂದರು. ಆತ್ಮಕಥನ 'ಎ ಟೆಸ್ಟಿಮನಿ' (1907) ಚಿಕ್ಕದು. ವಿವರವಾಗಿ ಬೇಕೆಂದರೆ ಉಮಾ ಚಕ್ರವರ್ತಿಯವರ 'ರೀರೈಟಿಂಗ್ ಹಿಸ್ಟರಿ' (1998).

ಮಲೆಯೂರು_ಹಾದಿ
ಸೇರಿಸಬಹುದೇ ಎಂದು ಕೇಳುವುದೇ ಬೇಡ. ಇಲ್ಲಿ ಕಲಿಸಿದವಳ ಹೆಸರೂ ಕಲಿತವಳ ಹೆಸರೂ ಎರಡೂ ಇವೆ.

ಸಾಗರದ_ಸಹನಾ
ತೀರ್ಮಾನವಾಯಿತು. ಮೊದಲು ರಮಾಬಾಯಿ. ಕನೆಟ್ಟಿಯ ತಾಯಿ ಹಂಗಿಸಿ ಕಲಿಸಿದರು, ಈ ತಾಯಿ ಮುದ್ದುಮಾಡಿ ಎಬ್ಬಿಸಿ ಕಲಿಸಿದರು. ಎರಡನ್ನೂ ಅಕ್ಕಪಕ್ಕ ಇಟ್ಟು ಓದಬೇಕು. ಆಮೇಲೆ ಚೋಮಾ, ಕೋಬರ್. ಮಾಳ ನಮ್ಮಲ್ಲಿಂದ ಒಂದು ದಿನದ ದಾರಿ, ಓದಿ ಮುಗಿಸಿ ಹೋಗಿಬರುತ್ತೇನೆ.

ಬದಿಯಡ್ಕದವರೇ, ನಿಮ್ಮ ಅತ್ತೆಯ ಕಥೆ ನನ್ನ ಮನಸ್ಸಿನಲ್ಲೇ ಉಳಿದಿದೆ. ನೀವೇ ಬರೆಯಬಾರದೇ?

ಬದಿಯಡ್ಕ_ಬಸ್‌ಸ್ಟಾಂಡ್
ಭಾನುವಾರ ಅವರ ಮನೆಗೆ ಹೋಗುತ್ತಿದ್ದೇನೆ. ಮೊಬೈಲ್‌ನಲ್ಲಿ ಧ್ವನಿಮುದ್ರಣ ಮಾಡೋಣ ಎಂದುಕೊಂಡೆ. ಎಲ್ಲಿಂದ ಶುರು ಮಾಡಲಿ?

ಶಿಕಾಗೊ_ಕನ್ನಡಿಗ
ಎಷ್ಟು ಭಾಷೆ ಬರುತ್ತದೆ ಎಂದು ಕೇಳಬೇಡಿ. ಯಾವ ಭಾಷೆಯಲ್ಲಿ ಎಣಿಸುತ್ತಾರೆ ಎಂದು ಕೇಳಿ.

ಬದಿಯಡ್ಕ_ಬಸ್‌ಸ್ಟಾಂಡ್
ಹೋಗಿ ಬಂದೆ. ಎರಡು ಗಂಟೆ ಮಾತನಾಡಿದರು. ತೆಂಗಿನಕಾಯಿ ಎಣಿಸುವುದು ತುಳುವಿನಲ್ಲಿ, ಒಂಜಿ, ರಡ್ಡ್, ಮೂಜಿ ಎಂದು, ಕಾಯಿ ಕೀಳುವವರು ಜೊತೆಗೆ ಎಣಿಸುತ್ತಾರೆ, ಅದಕ್ಕೆ. ದುಡ್ಡಿನ ಲೆಕ್ಕ ಕನ್ನಡದಲ್ಲಿ, ಮಗ್ಗಿ ಕಲಿತದ್ದು ಅದರಲ್ಲಿ. ಮಾವ ತೀರಿಹೋಗಿ ಎಷ್ಟು ವರ್ಷವಾಯಿತು ಎಂದು ಕೇಳಿದಾಗ ಬೆರಳು ಮಡಚುತ್ತ ಎಣಿಸಿದ್ದು ಮರಾಠಿಯಲ್ಲಿ.